ಅತ್ತೆಯ ಸೊಂಟದ ಡಬ್ಬಿ

ನನ್ನ ಗರ್ಭಕೋಶದ ಬಗ್ಗೆ ಅಭಿಪ್ರಾಯ ಇಲ್ಲದವರು ಶಿವಮೊಗ್ಗದಲ್ಲಿ ಯಾರೂ ಇರಲಿಲ್ಲ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಅಷ್ಟರಲ್ಲಿ ಮೂರು ಸ್ಕ್ಯಾನ್, ಬಣ್ಣದ ನೀರು ಬಿಟ್ಟು ತೆಗೆದ ಒಂದು ಎಕ್ಸ್‌ರೇ, ಬೆರಳು ಮಡಚಿ ಎಣಿಸಲಾಗದಷ್ಟು ರಕ್ತಪರೀಕ್ಷೆ ಮತ್ತು ಭದ್ರಾವತಿಯಿಂದ ಯಾರೋ ತಂದುಕೊಟ್ಟ ಕಹಿ ಕಷಾಯ ಎಲ್ಲ ಮುಗಿದಿದ್ದವು. ಹಾಲು ತರುವ ಉಚ್ಚಂಗಮ್ಮ ಕೂಡ ಪಾತ್ರೆಗೆ ಹಾಲು ಸುರಿಯುತ್ತಾ "ಈ ತಿಂಗ್ಳೂ ಇಲ್ವೇನವ್ವ?" ಎಂದು ಬೀದಿಗೆ ಕೇಳುವಂತೆ ವಿಚಾರಿಸುತ್ತಿದ್ದಳು. ಇನ್ನು ಹದಿನೈದು ದಿನಕ್ಕೆ ಹೊಟ್ಟೆಗೆ ತೂತು ಮಾಡಿ ಒಳಗೆ ಕ್ಯಾಮರಾ ಇಳಿಸಿ ನೋಡುವ ಆಪರೇಷನ್ನು ಗೊತ್ತಾಗಿತ್ತು.

ನನ್ನ ಗಂಡ ರೇಣುಕಾಪ್ರಸಾದ್ ಈ ನಾಲ್ಕು ವರ್ಷದಲ್ಲಿ ಎದುರಿಸಿದ ಪರೀಕ್ಷೆ ಎಂದರೆ ಡ್ರೈವಿಂಗ್ ಲೈಸೆನ್ಸಿನದು ಒಂದೇ.

ಡಾಕ್ಟರಮ್ಮ ಪ್ರತಿ ಸಲವೂ "ಮೊದ್ಲು ಯಜಮಾನ್ರದ್ದೊಂದು ಟೆಸ್ಟ್ ಆಗ್ಲಿ" ಎಂದು ಚೀಟಿ ಬರೆದುಕೊಡುತ್ತಿದ್ದರು. ಇವರು ಅದನ್ನು ಭಕ್ತಿಯಿಂದ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮೂರು ಚೀಟಿಗಳು ಆ ಜೇಬಿನಲ್ಲೇ ಒಗೆಸಿಕೊಂಡು ಮುದ್ದೆಯಾದವು. ಕೇಳಿದರೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಎನ್ನುವರು. ಇನ್ನೂ ಒತ್ತಿ ಕೇಳಿದರೆ ದೊಡ್ಡಪ್ಪನ ಮಾತನ್ನು ಮುಂದಿಡುವರು: "ನಮ್ಮ ವಂಶದಲ್ಲಿ ಆ ತೊಂದರೆ ಇಲ್ಲ." ದೊಡ್ಡಪ್ಪ ಎಂದರೆ ಓಂಕಾರಪ್ಪ, ತೀರಿಹೋದ ನನ್ನ ಮಾವನ ಅಣ್ಣ. ಸವಳಂಗ ರಸ್ತೆಯ ದೊಡ್ಡ ಮನೆಯಲ್ಲಿದ್ದರು. ಆರು ಮಕ್ಕಳನ್ನು ಹುಟ್ಟಿಸಿದ್ದರು, ಆ ಆರೂ ಜನ ನನ್ನ ಗಂಡನ ಪರವಾಗಿ ಸರ್ಟಿಫಿಕೇಟ್ ಕೊಟ್ಟಂತೆ ಎಲ್ಲರೂ ನಡೆದುಕೊಳ್ಳುತ್ತಿದ್ದರು.

ಆಪರೇಷನ್ನಿಗೆ ನಾನು ಹೆದರಿರಲಿಲ್ಲ, ಉರಿದುಹೋಗಿದ್ದೆ. ಇವರದ್ದು ಒಂದು ಸಲ ನೋಡದೆ ನನ್ನ ಹೊಟ್ಟೆಗೆ ಚಾಕು ಮುಟ್ಟಿಸಬಾರದು, ಇಷ್ಟೇ ನನ್ನ ಹಟ. ಆದರೆ ಸೊಸೆಯ ಹಟಕ್ಕೆ ಆ ಮನೆಯಲ್ಲಿ ಎಷ್ಟು ಬೆಲೆ ಎಂಬುದು ನನಗೆ ಗೊತ್ತಿತ್ತು.

ಎರಡು ಸಾವಿರದ ಎಂಟನೇ ಇಸವಿಯ ಡಿಸೆಂಬರ್. ಒಂದು ಭಾನುವಾರ ನನ್ನ ನಾದಿನಿ ಸ್ಪಂದನಾ ಯೂನಿವರ್ಸಿಟಿ ಹಾಸ್ಟೆಲಿನಿಂದ ಆಲ್ಕೊಳದ ನಮ್ಮ ಮನೆಗೆ ಬಂದಿದ್ದಳು. ಪಿಎಚ್‌ಡಿ ಮಾಡುತ್ತಿದ್ದಳು. ಏನು ಓದುತ್ತಾಳೆ ಎಂದು ನೆಂಟರು ಕೇಳಿದರೆ ಅತ್ತೆ "ಜೀವಶಾಸ್ತ್ರ" ಎಂದು ಅಲ್ಲಿಗೇ ಮಾತು ಮುಗಿಸುತ್ತಿದ್ದರು. ಯಾವ ಜೀವ, ಅದರ ಯಾವ ಭಾಗ ಎಂಬುದನ್ನು ಬಾಯಿಬಿಡುತ್ತಿರಲಿಲ್ಲ. ಅವಳು ಓದುತ್ತಿದ್ದದ್ದು ಗಂಡು ಇಲಿಯ ವೃಷಣದಲ್ಲಿ ವೀರ್ಯಾಣು ಹೇಗೆ ತಯಾರಾಗುತ್ತದೆ ಎಂಬುದನ್ನು.

ಅತ್ತೆ ಜಗದಾಂಬಾ ಓದಿದ್ದು ಏಳನೇ ಕ್ಲಾಸು. ಆದರೆ ಮಗಳ ಓದನ್ನು ಸಾಸಿವೆ ಆರಿಸುವ ಹಾಗೆ ಒಂದೊಂದೇ ಕಾಳು ಆರಿಸಿ ತಿಳಿದುಕೊಳ್ಳುವ ಚಟ ಅವರಿಗೆ. ಆವತ್ತೂ ಅಕ್ಕಿರೊಟ್ಟಿ ತಟ್ಟುತ್ತಾ ಶುರುಮಾಡಿದರು.

"ಈ ವಾರ ಏನ್ ಮಾಡಿದ್ಯೇ?"

"ಇಲಿಗಳಿಗೆ ಬಿಸಿನೀರಿನ ಸ್ನಾನ ಮಾಡಿಸ್ದೆ ಅಮ್ಮ. ಸೊಂಟದ ಕೆಳಗೆ ಮಾತ್ರ. ನಲವತ್ಮೂರು ಡಿಗ್ರಿ, ಹದಿನೈದು ನಿಮಿಷ."

"ಎಣ್ಣೆ ಹಚ್ಚಿದ್ಯೋ ಇಲ್ವೋ?"

ಸ್ಪಂದನಾ ನಕ್ಕಳು. ರೇಣುಕಾಪ್ರಸಾದ್ ಎಣ್ಣೆಗಾಯಿಗೆ ರೊಟ್ಟಿ ಅದ್ದುತ್ತಾ ಕೇಳದವರ ಹಾಗೆ ಕೂತಿದ್ದರು.

"ಬಿಸಿ ತಾಗಿದ್ರೆ ಅಲ್ಲಿನ ಕೆಲಸ ಕೆಡುತ್ತಮ್ಮ. ಅದಕ್ಕೇ ದೇವ್ರು ಅದನ್ನ ಹೊಟ್ಟೆಯೊಳಗೆ ಇಡದೆ ಹೊರಗೆ ತಣ್ಣಗೆ ನೇತುಹಾಕಿರೋದು. ವೀರ್ಯಾಣು ಕೊನೇ ಹಂತಕ್ಕೆ ಬಂದಾಗ ಅದರ ಡಿಎನ್‌ಎನ ಬಿಗಿಯಾಗಿ ಮಡಚಿ ಟ್ರಂಕಿಗೆ ತುಂಬಿದ ಹಾಗೆ ತುಂಬುತ್ತೆ. ಆಮೇಲೆ ಅದನ್ನ ತೆಗೆದು ಓದೋಕೆ ಆಗಲ್ಲ. ಹಾಗಾಗಿ ಮುಂದಕ್ಕೆ ಬೇಕಾದ್ದನ್ನೆಲ್ಲ ಟ್ರಂಕ್ ಮುಚ್ಚೋಕೆ ಮುಂಚೆನೇ ಚೀಟಿ ಬರೆದು ಇಟ್ಕೊಂಡಿರಬೇಕು. ದಿನಗಟ್ಲೆ ಇಟ್ಕೊಂಡು, ಹೊತ್ತು ಬಂದಾಗ ಓದಬೇಕು. ಆ ಚೀಟಿನೇ ಆರ್‌ಎನ್‌ಎ."

"ಮದುವೆಗೆ ಹೋಗೋವಾಗ ನಾನೂ ಹಾಗೇ ಮಾಡೋದು," ಎಂದರು ಅತ್ತೆ. "ಟ್ರಂಕಿಗೆ ಬೀಗ ಹಾಕೋ ಮುಂಚೆ ಪಟ್ಟಿ ಬರ್ಕೊಂಡಿಲ್ಲ ಅಂದ್ರೆ ಮುಗೀತು."

"ಹ್ಞೂಂ. ಆದ್ರೆ ಎಲ್ಲಾ ಚೀಟಿನೂ ಅಡುಗೆ ಮಾಡೋ ಚೀಟಿ ಅಲ್ಲ. ಕೆಲವು ಏನನ್ನೂ ತಯಾರು ಮಾಡಲ್ಲ. ಅವಕ್ಕೆ ನಾನ್-ಕೋಡಿಂಗ್ ಅಂತಾರೆ. ಬಹಳ ದಿನ ವಿಜ್ಞಾನಿಗಳು ಅವನ್ನ ಕಸ ಅಂತ್ಲೇ ಅಂದ್ಕೊಂಡಿದ್ರು. ಈಗ ಎರಡು ವರ್ಷದ ಹಿಂದೆ ಅಂಥದ್ದೇ ಒಂದು ಪುಟಾಣಿ ಜಾತಿ ಸಿಕ್ತು. ನಮ್ಮ ಡಿಎನ್‌ಎಲಿ ಕೆಲವು ಪುಂಡ ತುಂಡುಗಳಿರ್ತವೆ, ಸಿಕ್ಕ ಸಿಕ್ಕಲ್ಲಿ ಹಾರಿ ಕೂತ್ಕೊಂಡು ಗಲಾಟೆ ಮಾಡ್ತವೆ. ಅವುಗಳ ಬಾಯಿ ಮುಚ್ಚಿಸೋದೇ ಇವುಗಳ ಕೆಲಸ."

ಅತ್ತೆಗೆ ಸಿಟ್ಟೇ ಬಂತು. "ಕಸ ಅಂದ್ರಾ? ಒಂದು ಹೋಳಿಗೆ ತಟ್ಟದೇ ಇದ್ರೂ ಮದುವೆ ಮನೇಲಿ ಎಲ್ಲರ ಬಾಯಿ ಮುಚ್ಚಿಸೋಕೆ ಒಬ್ಬಳು ಬೇಕಲ್ಲ, ಅವಳನ್ನ ಕಸ ಅಂತಾರಾ? ನಿಮ್ಮ ವಿಜ್ಞಾನಿಗಳಿಗೆ ಅತ್ತೆ ಇರ್ಲಿಲ್ವಾ?"

ಆವತ್ತಿನಿಂದ ನಾನೂ ಸ್ಪಂದನಾಳೂ ಅತ್ತೆಗೆ ಗುಟ್ಟಾಗಿ 'ನಾನ್-ಕೋಡಿಂಗ್' ಎಂದು ಹೆಸರಿಟ್ಟೆವು. ಅವರಿಗೆ ಅದು ಗೊತ್ತಾಗಿ, ಇಷ್ಟವೂ ಆಗಿತ್ತೆಂದು ಆಮೇಲೆ ತಿಳಿಯಿತು.

"ಆ ಬಾಯಿ ಮುಚ್ಚಿಸೋವು ಇಲ್ದಿದ್ರೆ ಏನಾಗುತ್ತೆ?" ಎಂದು ನಾನು ಕೇಳಿದೆ. ಅಮಾಯಕಳಂತೆ ಕೇಳಿದೆ, ಆದರೆ ಕಣ್ಣು ಗಂಡನ ಮೇಲೇ ಇತ್ತು.

"ಅಂಥ ಇಲಿಗಳನ್ನೂ ಮಾಡಿ ನೋಡಿದಾರೆ ಅತ್ತಿಗೆ. ಹೊರಗಿಂದ ಏನೂ ಗೊತ್ತಾಗಲ್ಲ. ಗಟ್ಟಿಮುಟ್ಟಾಗಿರುತ್ತೆ, ಚೆನ್ನಾಗಿ ತಿನ್ನುತ್ತೆ, ಬೇರೆ ಗಂಡುಗಳ ಜೊತೆ ಜಗಳ ಆಡುತ್ತೆ, ಹೆಣ್ಣಿನ ಹಿಂದೆ ಹೋಗುತ್ತೆ. ಗಂಡಸುತನಕ್ಕೆ ಏನೇನೂ ಕಮ್ಮಿ ಇಲ್ಲ. ಮರಿ ಮಾತ್ರ ಆಗಲ್ಲ."

ಇವರ ಕೈಯ ರೊಟ್ಟಿ ತಟ್ಟೆಯ ಮೇಲೇ ನಿಂತಿತು. "ಊಟ ಮಾಡೋವಾಗ ಎಂಥ ಮಾತೇ ಇದು!" ಎಂದು ರೇಣುಕಾಪ್ರಸಾದ್ ಗುಡುಗಿದರು. "ನಾನೇನು ಇಲಿನಾ?"

ಇಲಿ ಎಂದು ಅವರನ್ನು ಯಾರೂ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅತ್ತೆ ಕಾವಲಿಯ ಮೇಲಿನ ರೊಟ್ಟಿ ಮಗುಚಿ, ಮಗನ ಕಡೆ ತಿರುಗಿದರು.

"ನಿನ್ನ ಫರ್ನೇಸ್ ಎಷ್ಟು ಡಿಗ್ರಿಯೋ?"

ಇವರು ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸುವ ವಿಭಾಗದ ಸೂಪರ್‌ವೈಸರ್. ದಿನಕ್ಕೆ ಎಂಟು ಗಂಟೆ, ಡಬಲ್ ಶಿಫ್ಟಾದರೆ ಹದಿನಾರು ಗಂಟೆ, ಕುಲುಮೆಯ ಬಾಯಿಯ ಮುಂದೆ ನಿಲ್ಲುವ ಕೆಲಸ.

"ಸಾವಿರದ ಐನೂರು," ಎಂದರು ಮೆಲ್ಲಗೆ.

"ಇಲಿಗೆ ನಲವತ್ಮೂರು!" ಎಂದು ಅತ್ತೆ ನನ್ನನ್ನು ನೋಡಿದರು.

"ನಾನೇನು ಫರ್ನೇಸ್ ಒಳಗೆ ಕೂತ್ಕೊಳ್ತೀನೇನಮ್ಮ?"

"ಇಲಿದು ಇಲಿಗೆ ಅಣ್ಣ, ಮನುಷ್ಯರಿಗೆ ಹಾಗೇ ಅಂತ ನಾನು ಹೇಳ್ತಿಲ್ಲ," ಎಂದಳು ಸ್ಪಂದನಾ. "ಟೆಸ್ಟ್ ಮಾಡಿಸಿದ್ರೆ ಗೊತ್ತಾಗುತ್ತೆ. ಬಿಸಿಯಿಂದ ಆಗಿದ್ರೆ ಸರಿಹೋಗೋ ಸಾಧ್ಯತೆನೂ ಇರುತ್ತೆ. ಇಲಿಗೆ ಹೊಸ ಬೆಳೆ ಬರೋಕೆ ಮೂವತ್ತೈದು ದಿನ, ಮನುಷ್ಯರಿಗೆ ಎರಡೂವರೆ ತಿಂಗಳು."

ಅವರು ಕೈತೊಳೆದು ಎದ್ದು ಹೋದರು. ಎಣ್ಣೆಗಾಯಿ ಇನ್ನೂ ಉಳಿದಿತ್ತು. ನಾನು ಅದನ್ನು ಸಂತೋಷದಿಂದ ತಿಂದೆ.

ಇಲಿಯ ಕಥೆಗೆ ಇವರು ಅಲುಗಲಿಲ್ಲ. ಅಲುಗಿದ್ದು ಮೂರು ದಿನ ಕಳೆದ ಮೇಲೆ, ತಮ್ಮದೇ ಮಾತಿಗೆ. ಬುಧವಾರ ಸಂಜೆ ಫೌಂಡ್ರಿಯಿಂದ ಕೆಂಡದಂತೆ ಬಂದರು. ಎರಕದ ಒಂದು ದೊಡ್ಡ ಲಾಟು ಪೂರ್ತಿ ರಿಜೆಕ್ಟ್ ಆಗಿತ್ತಂತೆ. ಅಲ್ಲಿ ಕಬ್ಬಿಣ ಸುರಿಯುವ ಮರಳಿನ ಅಚ್ಚು, ಅಂದರೆ ಮೋಲ್ಡ್ ಮಾಡುವವರದ್ದು ಒಂದು ಪಂಗಡ, ಕಬ್ಬಿಣ ಕರಗಿಸುವವರದ್ದು ಇನ್ನೊಂದು. ಎರಕ ಕೆಟ್ಟಿತೆಂದರೆ ಇವರು ಅವರ ಮೋಲ್ಡ್ ಸರಿಯಿಲ್ಲ ಎನ್ನುವುದು, ಅವರು ಇವರ ಮೆಟಲ್ ಸರಿಯಿಲ್ಲ ಎನ್ನುವುದು. ಅತ್ತಿಗೆ ನಾದಿನಿಯರ ಜಗಳಕ್ಕಿಂತ ಹಳೆಯ ಜಗಳ ಅದು.

"ನನ್ನ ಮೆಟಲ್ ಕ್ಲೀನ್ ಕಣೇ!" ಎಂದು ಬೂಟು ಬಿಚ್ಚುತ್ತಾ ಕೂಗಾಡಿದರು. "ಪ್ರತಿ ಸಲ ಕರಗಿಸಿದಾಗ್ಲೂ ಸುರಿಯೋ ಮುಂಚೆ ಒಂದು ಸೌಟು ತೆಗೆದು ಲ್ಯಾಬಿಗೆ ಕಳಿಸ್ತೀನಿ. ರಿಪೋರ್ಟ್ ಬರೋವರೆಗೂ ಒಂದು ತೊಟ್ಟು ಸುರಿಯಲ್ಲ. ಇವತ್ತೂ ರಿಪೋರ್ಟ್ ತೋರಿಸ್ದೆ. ಅವರ ಬಾಯಿ ಬಂದ್ ಆಯ್ತು."

ನಾನು ಕಾಫಿ ಲೋಟ ಮುಂದಿಟ್ಟೆ. "ಒಂದ್ವೇಳೆ ನೀವು ಸ್ಯಾಂಪಲ್ ತೆಗೀದೇ ಇದ್ದಿದ್ರೆ?"

"ತೆಗೀದೇ ಇದ್ದಿದ್ರೆ ನಾನು ಬಾಯಿ ಮುಚ್ಕೊಂಡಿರ್ಬೇಕಿತ್ತು. ಸ್ಯಾಂಪಲ್ ಇಲ್ದೆ ಮೋಲ್ಡಿನೋರ ಮೇಲೆ ತಪ್ಪು ಹಾಕೋಕಾಗುತ್ತಾ? ಅದು ಯಾವ ನ್ಯಾಯ?"

ಹೇಳಿ ಮುಗಿಸಿ ಲೋಟ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಒಳಗಿನಿಂದ ಅತ್ತೆ, ಯಾರಿಗೂ ಅಲ್ಲವೆಂಬಂತೆ, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದರು.

ಲೋಟ ಕೆಳಗಿಟ್ಟು ಇವರು ಕೇಳಿದರು, "ತನುಜಾ, ರಿಪೋರ್ಟಲ್ಲಿ ಏನಾದ್ರೂ ಬಂದ್ರೆ?"

ನಾಲ್ಕು ವರ್ಷ ಅವರದ್ದು ಸೊಕ್ಕು ಎಂದುಕೊಂಡಿದ್ದೆ. ಅದು ಬರೀ ಹೆದರಿಕೆಯಾಗಿತ್ತು. ನನಗೆ ಅಯ್ಯೋ ಅನ್ನಿಸಿತು. ಹಿಂದೆಯೇ, ಅಯ್ಯೋ ಅನ್ನಿಸಿದ್ದಕ್ಕೆ ನನ್ನ ಮೇಲೇ ಕೋಪವೂ ಬಂತು.

"ಬಂದ್ರೆ ಬರ್ಲಿ. ನನ್ನ ರಿಪೋರ್ಟುಗಳು ಬಂದಾಗ ನಾನೇನು ಸತ್ತುಹೋದ್ನಾ?"

ಒಪ್ಪಿದರು, ಆದರೆ ಲ್ಯಾಬಿಗೆ ತಾವು ಕಾಲಿಡುವುದಿಲ್ಲ ಎಂಬ ಷರತ್ತಿನ ಮೇಲೆ. ದುರ್ಗಿಗುಡಿಯ ಲ್ಯಾಬಿನ ಕೌಂಟರಿನಲ್ಲಿ ಕೂರುವವನು ಅವರ ಹೈಸ್ಕೂಲಿನ ಸಹಪಾಠಿಯಂತೆ. ಅವನ ಮುಂದೆ ಡಬ್ಬಿ ಹಿಡಿದು ನಿಲ್ಲುವುದಕ್ಕಿಂತ ಕುಲುಮೆಗೆ ಹಾರುವುದು ವಾಸಿ ಎಂದರು. ನಾನು ಲ್ಯಾಬಿಗೆ ಹೋಗಿ ವಿಚಾರಿಸಿದೆ. ವೀರ್ಯದ ಸ್ಯಾಂಪಲನ್ನು ಮನೆಯಲ್ಲೇ ತೆಗೆಯಬಹುದು, ಆದರೆ ಒಂದು ಗಂಟೆಯೊಳಗೆ ತಲುಪಿಸಬೇಕು, ತಣ್ಣಗಾಗಲು ಬಿಡಬಾರದು, ಮೈಗೆ ತಾಗುವಂತೆ ಇಟ್ಟುಕೊಂಡು ತರಬೇಕು, ಅದಕ್ಕೂ ಮುಂಚೆ ಮೂರು ದಿನ ಗಂಡ ಹೆಂಡತಿ ದೂರವಿರಬೇಕು ಎಂದು ಹೇಳಿ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಈ ಕೊನೆಯ ನಿಯಮವನ್ನು ಅತ್ತೆಗೆ ಹೇಗೆ ಹೇಳಲಿ ಎಂದು ನಾನು ಒದ್ದಾಡುತ್ತಿದ್ದರೆ, ಅವರು ಸ್ಪಂದನಾಳಿಗೆ ಫೋನು ಮಾಡಿ ಎಲ್ಲ ತಿಳಿದುಕೊಂಡಿದ್ದರು. ಆ ಸಂಜೆಯೇ ನನ್ನ ದಿಂಬು ಹಾಸಿಗೆ ಅತ್ತೆಯ ಕೋಣೆಗೆ ಬಂದಿದ್ದವು.

ನಾಲ್ಕನೆಯ ದಿನ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷವಿದ್ದಾಗ ರೇಣುಕಾಪ್ರಸಾದ್ ಬಚ್ಚಲುಮನೆಯಿಂದ ಹೊರಬಂದು, ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ, ಬೂಟಿನ ಲೇಸನ್ನೂ ಕಟ್ಟದೆ, ಕಂಪನಿ ಬಸ್ಸು ಹಿಡಿಯಲು ಸರ್ಕಲ್ಲಿಗೆ ಓಡಿದರು. ಅಷ್ಟು ಜೋರಾಗಿ ಅವರು ಓಡಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಹೊರಗೆ ಕೊರೆಯುವ ಚಳಿ. ನಾನು ಡಬ್ಬಿಯನ್ನು ವ್ಯಾನಿಟಿ ಬ್ಯಾಗಿಗೆ ಹಾಕಹೊರಟೆ.

"ಅದ್ರಲ್ಲಿಟ್ರೆ ತಣ್ಣಗಾಗಿ ಸಾಯುತ್ತೆ ಮಾರಾಯ್ತಿ. ನೀನು ಸ್ಕೂಟಿ ಓಡಿಸೋಳು, ಗಾಳಿಯೆಲ್ಲ ನಿನ್ನ ಮೇಲೇ ಬರುತ್ತೆ. ತಾ ಇಲ್ಲಿ." ಅತ್ತೆ ತಮ್ಮ ಎಲೆ ಅಡಿಕೆ ಸಂಚಿಯನ್ನು ಖಾಲಿ ಮಾಡಿ, ಡಬ್ಬಿಯನ್ನು ಅದರೊಳಗಿಟ್ಟು, ಸೀರೆಯೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮೇಲೆ ಶಾಲು ಹೊದ್ದರು. ನನ್ನ ಮುಖ ನೋಡಿ, "ಹೆತ್ತೋಳಿಗೆ ಎಂಥ ನಾಚ್ಕೆ? ನಡಿ" ಎಂದರು.

ಸವಳಂಗ ರಸ್ತೆಗೆ ಬಂದಾಗ ಎಂಟು ಗಂಟೆ ಹನ್ನೆರಡು ನಿಮಿಷ. ಲ್ಯಾಬಿಗೆ ಇನ್ನು ಹತ್ತು ನಿಮಿಷದ ದಾರಿ. ಓಂಕಾರಪ್ಪನವರ ಮನೆ ಎದುರಿಗೆ ಸಿಗುತ್ತದೆ ಎಂಬುದು ನನಗೆ ಆಗ ನೆನಪಾಯಿತು. ಅವರು ಗೇಟಿನ ಹೊರಗೇ ಇದ್ದರು. ಸ್ಕೂಟಿ ಕಂಡದ್ದೇ ರಸ್ತೆಗೆ ಇಳಿದು ಕೈ ಅಡ್ಡ ಹಿಡಿದರು. ಮನೆಯ ಹಿರಿಯರ ಮೇಲೆ ಸ್ಕೂಟಿ ಹತ್ತಿಸುವುದು ನನ್ನಿಂದ ಆಗಲಿಲ್ಲ.

ನಮ್ಮವರಲ್ಲಿ ಬಾಗಿಲಿಗೆ ಬಂದ ನೆಂಟರನ್ನು ಹಾಗೇ ಕಳಿಸುವುದೆಂದರೆ ಅವಮಾನ. ಹಿಂದೆಲ್ಲ ಬಂದವರ ಚಪ್ಪಲಿ ಬಚ್ಚಿಡುತ್ತಿದ್ದರಂತೆ. ಓಂಕಾರಪ್ಪನವರು ಕಾಲಕ್ಕೆ ತಕ್ಕ ಹಾಗೆ ಸ್ಕೂಟಿಯ ಕೀ ಕಿತ್ತು ತಮ್ಮ ಜುಬ್ಬದ ಜೇಬಿಗೆ ಇಳಿಬಿಟ್ಟರು.

ಅತ್ತೆ ಇಳಿದು, ಸೆರಗನ್ನು ತಲೆಯ ಮೇಲೆ ಹಣೆ ಮುಚ್ಚುವಷ್ಟು ಎಳೆದುಕೊಂಡು, ನನ್ನ ಬೆನ್ನ ಹಿಂದೆ ನಿಂತರು. ಆ ಮನೆಗೆ ಸೊಸೆಯಾಗಿ ಬಂದ ಮೂವತ್ತಾರು ವರ್ಷದಲ್ಲಿ ಅವರು ಈ ಭಾವನೊಂದಿಗೆ ಒಂದು ಮಾತೂ ಎದುರೆದುರು ಆಡಿರಲಿಲ್ಲ. ಅವರ ಮುಂದೆ ಕೂತಿರಲಿಲ್ಲ. ಮಾವನವರು ತೀರಿಕೊಂಡ ದಿನವೂ ಕೇಳಬೇಕಾದ್ದನ್ನು ಬಾಗಿಲ ಹಿಂದಿನಿಂದ ಮಗನ ಬಾಯಲ್ಲಿ ಕೇಳಿಸಿದ್ದರಂತೆ.

"ನಿಮ್ಮತ್ತೆಗೆ ಹೇಳಮ್ಮ," ಎಂದರು ಓಂಕಾರಪ್ಪ, ಎರಡು ಮಾರು ದೂರದಲ್ಲಿದ್ದ ಅತ್ತೆಯನ್ನು ಬಿಟ್ಟು ನನ್ನನ್ನು ನೋಡುತ್ತಾ. "ದೋಸೆ ಹಾಕ್ತಿದಾರೆ. ತಿಂದ್ಕೊಂಡೇ ಹೋಗ್ಬೇಕು."

ಅತ್ತೆ ನನ್ನ ಬೆನ್ನಿಗೆ ಪಿಸುಗುಟ್ಟಿದರು. ನಾನು ಗಟ್ಟಿಯಾಗಿ ಹೇಳಿದೆ. "ಅರ್ಜೆಂಟ್ ಕೆಲಸ ಇದೆಯಂತೆ, ಬರ್ತಾ ಬರ್ತೀವಂತೆ."

"ಎಂಥ ಅರ್ಜೆಂಟೂ ಎರಡು ದೋಸೆಗಿಂತ ದೊಡ್ಡದಲ್ಲ ಅಂತ ಹೇಳು. ಆಮೇಲೆ ನಿನ್ನ ಹತ್ರನೂ ಮಾತಾಡೋದಿದೆ. ಭದ್ರಾವತಿಲಿ ಒಬ್ರು ಔಷಧಿ ಕೊಡ್ತಾರಂತೆ, ಹಸೀ ಬೇರು. ಆಪರೇಷನ್ನಿಗೆ ಮುಂಚೆ ಅದೊಂದು ಆಗ್ಲಿ. ಹೊಲ ಚೆನ್ನಾಗಿರ್ಬೇಕು ಅಲ್ವೇನಮ್ಮ? ಬೀಜದ್ದೇನು, ನಮ್ಮ ವಂಶದಲ್ಲಿ ಆ ತೊಂದರೆ ಇಲ್ಲ."

ಪಕ್ಕದ ಮನೆಯ ಕಾಂಪೌಂಡಿನಲ್ಲಿ ಒಬ್ಬಾಕೆ ಗಿಡಕ್ಕೆ ನೀರು ಹಾಕುತ್ತಿದ್ದವಳು ಪೈಪು ಹಿಡಿದೇ ನಿಂತಳು. ನನ್ನ ಕಿವಿ ಬಿಸಿಯಾಯಿತು. ಎಂಟು ಇಪ್ಪತ್ತು. ಎಂಟು ಇಪ್ಪತ್ತೈದು. ಅವರು ಬೇರಿನ ಗುಣ ವಿವರಿಸುತ್ತಲೇ ಇದ್ದರು. ಕೀ ಕೊಡಿ ಎನ್ನಲು ಬಾಯಿ ತೆರೆದರೆ ಅಳು ಬರುತ್ತದೆಂದು ಹೆದರಿ ನಾನು ವಾಚನ್ನೇ ನೋಡುತ್ತಾ ನಿಂತಿದ್ದೆ. ಈ ಡಬ್ಬಿ ಹೋದರೆ ಇವರು ಇನ್ನೊಂದು ಕೊಡುವುದಿಲ್ಲ, ನನಗೆ ಅದು ಚೆನ್ನಾಗಿ ಗೊತ್ತಿತ್ತು. ಆಪರೇಷನ್ನಿಗೆ ಎಂಟೇ ದಿನ ಉಳಿದಿತ್ತು.

ನನ್ನ ಬೆನ್ನ ಹಿಂದಿನಿಂದ ಅತ್ತೆ ಪಕ್ಕಕ್ಕೆ ಬಂದರು. ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿದರು. ಭಾವನ ಮುಖವನ್ನೇ ನೋಡಿದರು.

"ಭಾವ, ಕೀ ಕೊಡಿ."

ಓಂಕಾರಪ್ಪನವರು ಅಕ್ಕಪಕ್ಕ ನೋಡಿದರು. ಆ ಧ್ವನಿ ಯಾರದೆಂದು ಅವರಿಗೆ ನಿಜಕ್ಕೂ ತಿಳಿಯಲಿಲ್ಲ ಎನ್ನಿಸುತ್ತದೆ.

"ನನ್ನ ಸೊಂಟದಲ್ಲಿ ರೇಣುಕನ ಬೀಜ ಇದೆ. ಲ್ಯಾಬಿಗೆ ತಗೊಂಡ್ ಹೋಗ್ತಿದೀವಿ. ಇನ್ನು ಅರ್ಧ ಗಂಟೇಲಿ ಸಾಯುತ್ತೆ. ನೀವು ಹೇಳೋ ವಂಶ ಉಳೀಬೇಕು ಅಂದ್ರೆ ಕೀ ಕೊಡಿ. ದೋಸೆ ಇನ್ನೊಂದಿನ ತಿಂತೀನಿ."

ಅವರ ದೃಷ್ಟಿ ಅತ್ತೆಯ ಸೊಂಟಕ್ಕೆ ಇಳಿಯಿತು, ಅದು ತಪ್ಪೆಂದು ಹೊಳೆದು ಆಕಾಶಕ್ಕೆ ಏರಿತು. ಜೇಬಿಗೆ ಹೋದ ಕೈ ಕೀ ಹಿಡಿದು ಬಂತು. ನನ್ನ ಕೈಗೆ ಹಾಕುವ ಬದಲು ನೆಲಕ್ಕೆ ಬೀಳಿಸಿದರು. ಪಕ್ಕದ ಮನೆಯಾಕೆಯ ಪೈಪಿನ ನೀರು ಅವಳ ಕಾಲ ಮೇಲೇ ಹರಿಯುತ್ತಿತ್ತು.

ದುರ್ಗಿಗುಡಿ ತಲುಪಿದಾಗ ಎಂಟು ನಲವತ್ತೆರಡು. ಅತ್ತೆ ಸಂಚಿ ಬಿಚ್ಚಿ, ಬೆಚ್ಚಗಿದ್ದ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, ನನ್ನ ಗಂಡನ ಸಹಪಾಠಿಗೆ "ಚೆನ್ನಾಗಿ ನೋಡಪ್ಪ" ಎಂದರು. ಹೊರಗೆ ಬಂದ ಮೇಲೆ ಅವರನ್ನು ಮೆಟ್ಟಿಲ ಮೇಲೆ ಕೂರಿಸಿ ಎಳನೀರು ಕುಡಿಸಿದೆ. "ಮೂವತ್ತಾರು ವರ್ಷ ಆಯ್ತಲ್ಲೇ ತನುಜಾ," ಎಂದರು, "ಮೊದಲನೇ ಮಾತೇ ಇದಾಗ್ಬೇಕಿತ್ತಾ?" ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ರಿಪೋರ್ಟ್ ಮರುದಿನ ಬಂತು. ಸಂಖ್ಯೆ ಬಹಳ ಕಮ್ಮಿ, ಇದ್ದವುಗಳ ಚಲನೆಯೂ ಸಾಲದು. ಡಾಕ್ಟರಮ್ಮ ನನ್ನ ಆಪರೇಷನ್ನು ನಿಲ್ಲಿಸಿ, ಇವರನ್ನು ಮೂರು ತಿಂಗಳು ಕುಲುಮೆಯಿಂದ ದೂರವಿರಿಸಿ ಮತ್ತೆ ಪರೀಕ್ಷೆ ಮಾಡೋಣ, ಏನನ್ನೂ ಖಂಡಿತ ಹೇಳಲಾರೆ ಎಂದರು. ರೇಣುಕಾಪ್ರಸಾದ್ ಆ ಹಾಳೆಯನ್ನು ಫೌಂಡ್ರಿಯ ರಿಪೋರ್ಟಿನ ಹಾಗೆಯೇ ಬೆರಳಿಟ್ಟು ಸಾಲುಸಾಲಾಗಿ ಓದಿದರು. ಮೂರನೆಯ ದಿನ ಕುಲುಮೆ ಬಿಡಿಸಿ, ಸರಕು ಕಳಿಸುವ ಡಿಸ್ಪ್ಯಾಚ್ ವಿಭಾಗಕ್ಕೆ ಹಾಕಿ ಎಂದು ಮ್ಯಾನೇಜರಿಗೆ ಅರ್ಜಿ ಕೊಟ್ಟು ಬಂದರು.

ಭಾನುವಾರ ಓಂಕಾರಪ್ಪನವರು ದೂರು ಹೊತ್ತು ಬಂದರು. ಹಜಾರದ ಕುರ್ಚಿಯಲ್ಲಿ ಕೂತು, ನಿಮ್ಮಮ್ಮ ನಡುಬೀದಿಯಲ್ಲಿ ಮರ್ಯಾದೆ ಕಳೆದಳು ಎಂದರು. ಮನೆತನ ಎಂದರು. ಆಮೇಲೆ, ತೆರೆದ ಬಾಗಿಲಿನಾಚೆ ಉಚ್ಚಂಗಮ್ಮ ಹಾಲು ಅಳೆಯುತ್ತಿದ್ದರೂ ಲೆಕ್ಕಿಸದೆ, ಎಂದಿನ ದೊಡ್ಡ ದನಿಯಲ್ಲಿ, "ಅದಿರ್ಲಿ, ಇವಳ ಆಪರೇಷನ್ ಯಾವತ್ತೋ?" ಎಂದು ಕೇಳಿದರು.

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಇವರು ಏನು ಹೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ.

"ಆಪರೇಷನ್ ಇಲ್ಲ ದೊಡ್ಡಪ್ಪ. ಅವಳಿಗೇನೂ ಆಗಿಲ್ಲ. ತೊಂದರೆ ಇರೋದು ನಂದ್ರಲ್ಲಿ."

ಓಂಕಾರಪ್ಪನವರು ಬೆಚ್ಚಿ ಬಾಗಿಲ ಕಡೆ ನೋಡಿದರು. "ಮೆತ್ತಗೆ ಹೇಳೋ ಮಾರಾಯ! ಹೊರಗೆ ಜನ ಇದಾರೆ."

ರೇಣುಕಾಪ್ರಸಾದ್ ದನಿ ತಗ್ಗಿಸಲಿಲ್ಲ.

"ನಾಲ್ಕು ವರ್ಷ ಇವಳ ವಿಷಯ ಮಾತಾಡೋವಾಗ ನಾವ್ಯಾರೂ ಮೆತ್ತಗೆ ಮಾತಾಡ್ಲಿಲ್ಲ ದೊಡ್ಡಪ್ಪ."

ಹೊರಗೆ ಹಾಲು ಸುರಿಯುವ ಸದ್ದು ನಿಂತಿತು. ಅತ್ತೆ ನನ್ನನ್ನು ದಾಟಿಕೊಂಡು ಹಜಾರಕ್ಕೆ ಹೋಗಿ, ಭಾವನ ಎದುರಿನ ಕುರ್ಚಿ ಎಳೆದು ಕೂತರು. ನನಗೆ ಜೋರಾಗಿ ಅಳು ಬಂತು. ನಾನೂ ಮೆತ್ತಗೆ ಅಳಲಿಲ್ಲ.